ತುಪ್ಪದಲ್ಲಿ ಹುರಿದ ಪ್ರಸಾದ

ಕಿಮೋ ಶುರುವಾದ ಮೇಲೆ ನನ್ನ ಗಂಡ ಊಟದ ತಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ಸಡಿಲವಾದ ಅವರ ಕೈಗಡಿಯಾರದ ಪಟ್ಟಿಗೆ ನಾನು ಕತ್ತರಿಯ ಮೊನೆಯಿಂದ ಹೊಸ ತೂತು ಕೊರೆದಿದ್ದೆ. ತೂಕ ಇನ್ನೂ ಇಳಿದರೆ ಮುಂದಿನ ಕಿಮೋ ಕೊಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ವಾರವೇ ಅತ್ತೆ ಸುರಪುರದ ಕಡೆಯಿಂದ ಕ್ರೋಂಪೇಟೆಯ ನಮ್ಮ ಮನೆಗೆ ಬಂದರು.

ಅವರ ಸೀಮೆಯ ಮಠವೊಂದರಲ್ಲಿ ಗಾಂಜಾ ಸೊಪ್ಪನ್ನೇ ಪ್ರಸಾದವೆಂದು ಕೊಡುವುದುಂಟು. ಕಾಗದದ ಪೊಟ್ಟಣವೊಂದು ಅವರ ಸೀರೆಗಳ ನಡುವೆ ಅಡಗಿ ರೈಲಿನಲ್ಲಿ ಬಂದಿತ್ತು. ಬಿಚ್ಚಿ ನೋಡಿದವಳೇ ಎದ್ದು ಬಾಗಿಲು ಹಾಕಿದೆ.

"ಅತ್ತೆ, ಪೊಲೀಸ್ ಕೇಸಾಗುತ್ತೆ."

"ದೇವರ ಪ್ರಸಾದಕ್ಕ ಎಲ್ಲೀ ಪೊಲೀಸರವಾ? ನೀ ಓದಿದ ಕಾನ್ವೆಂಟಿನ ಸಿಸ್ಟರು ಕಲಿಸ್ಯಾರೇನು?"

ಗಂಡ ಎಷ್ಟೋ ದಿನದ ಮೇಲೆ ನಕ್ಕರು. "ಕೊಡವ್ವ, ನೋಡೂಣು." ಆ ನಗು ಕಂಡು ನಾನೇ ತುಪ್ಪದ ಡಬ್ಬಿ ತೆಗೆದುಕೊಟ್ಟೆ.

ಮಧ್ಯಾಹ್ನ ಅತ್ತೆ ಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಸೇರಿಸಿ, ಒಂದು ಚಮಚ ಕೊಟ್ಟರು. ಮಠದಲ್ಲಿ ಸೇದುವವರಿಗೆ ಕೂಡಲೇ ಮತ್ತೇರುವುದನ್ನು ಮಾತ್ರ ಕಂಡಿದ್ದ ಅವರು ಸ್ವಲ್ಪ ಹೊತ್ತು ಕಾದು, "ಹತ್ತಲೇ ಇಲ್ಲ" ಎಂದು ಇನ್ನೊಂದು ಚಮಚ ತಿನ್ನಿಸಿದರು.

ಮೊದಲು ಬಂದದ್ದು ಹಸಿವು. ಗಂಡ ಚಪಾತಿಯ ಮೇಲೆ ಚಪಾತಿ ಕೇಳಿದರು. ತಟ್ಟೆಗಂಟಿದ ಸಾಸಿವೆ ಕಾಳನ್ನೂ ಬೆರಳಿನಿಂದ ಒತ್ತಿ ತಿಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಂಡನ ಕೈ ತಟ್ಟೆಯಲ್ಲೇ ನಿಂತಿತು.

"ಫ್ಯಾನ್ ಯಾಕ ಇಷ್ಟು ಸಾವಕಾಶ ತಿರಗಾಕತ್ತದ?"

ನಾಡಿ ಓಡುತ್ತಿತ್ತು, ತುಟಿ ಒಣಗಿತ್ತು. ನನ್ನ ಕಡೆ ನೋಡಿ, "ಅವ್ವಾ, ಈಕಿ ಯಾಕ ಅಳಾಕತ್ತಾಳ? ನಾ ಸತ್ತೀನೇನು?" ಎಂದು ಚೀರಿದರು. ತಿಂದದ್ದೆಲ್ಲ ವಾಂತಿಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ತಮಿಳಿನಲ್ಲಿ, "ಎನ್ನಮ್ಮಾ ಕುಡುತ್ತೀಂಗ?" ಎಂದರು. ಏನು ಕೊಟ್ಟೆವೆಂದು ನಾನೇ ಹೇಳಿದೆ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶವೇ ಹಸಿವನ್ನೂ ತರುತ್ತದೆ, ದಿಗಿಲನ್ನೂ ತರುತ್ತದೆ. ಸೇದಿದರೆ ಬೇಗ ಏರುತ್ತದೆ, ತಿಂದರೆ ತಡವಾಗಿ, ಇಳಿಯುವುದೂ ತಡ ಎಂದರು. ಬೈಯಲಿಲ್ಲ. ಮನೆಗೆ ಕಳಿಸುವ ದಿನ ತೂಕ ನೋಡಿ, ಈ ಸಲದ ಕಿಮೋ ಬೇಡವೆಂದರು.

ಹಿಂತಿರುಗುವಾಗ ಅತ್ತೆ ಆಟೋದ ಮೂಲೆಯಲ್ಲಿ ಮುದುಡಿ ಕುಳಿತಿದ್ದರು.

"ಅವತ್ತಿನ ಹಸಿವು ನಂದಾ, ಅದರದಾ?" ಗಂಡ ಕೇಳಿದರು.

"ನಿಮ್ಮದೇ ರೀ."

"ಹಂಗಾರ ಈಗ ಎಲ್ಲಿ ಹೋತು?"

ಮನೆಗೆ ಬಂದು ಮೆತ್ತಗೆ ಮೊಸರನ್ನ ಕಲಸಿದೆ. ಎರಡನೆಯ ತುತ್ತಿಗೆ ಅವರು ಬಾಯಿ ತೆರೆಯಲಿಲ್ಲ.