ಮುಳುಗುತ್ತಲೇ ಹೋದ ದೀಪ

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಹೊಳೆನರಸೀಪುರದಲ್ಲಿ ವೈರಿಂಗ್ ಕೆಲಸ ಮಾಡಿಕೊಂಡು ಬದುಕಿದವನು ನಾನು. ಕರೆಂಟ್ ಇಲ್ಲದೆ ದೀಪ ಉರಿಯುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ಸತ್ಯ ನನಗೆ ಗೊತ್ತಿರಲಿಲ್ಲ. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

ನನ್ನ ಅಕ್ಕ ಜಯಮ್ಮನ ಗಂಡ, ಅರಕಲಗೂಡಿನವರು, ಕರಾವಳಿಯಲ್ಲಿ ಬೊಂಡಾಸು ಹಿಡಿಯುವ ದೋಣಿಯೊಂದರಲ್ಲಿ ದೀಪ ನೋಡಿಕೊಳ್ಳುತ್ತಿದ್ದರು. ಬೊಂಡಾಸು ಕಡಲಿನ ಮೆತ್ತನೆಯ ಪ್ರಾಣಿ. ರಾತ್ರಿ ಬೆಳಕು ಬಿಟ್ಟರೆ ಮೇಲೆ ಬರುತ್ತದೆ. ಮೊದಲಿದ್ದ ದೊಡ್ಡ ಬಲ್ಬುಗಳು ವಿಪರೀತ ಡೀಸೆಲ್ ಕುಡಿಯುತ್ತಿದ್ದವು. ಅವನ್ನು ತೆಗೆದು ಎಲ್‌ಇಡಿ ಹಾಕಿದವರು ಭಾವನೇ. ಡೀಸೆಲ್ ಉಳಿಯಿತು. ಉಳಿದ ಡೀಸೆಲ್‌ನಲ್ಲಿ ಮಾಲೀಕ ದೋಣಿಯನ್ನು ಇನ್ನೂ ದೂರಕ್ಕೆ ಅಟ್ಟಿದ. ಅಲ್ಲೇ, ನೀರೊಳಗೆ ಇಳಿಬಿಟ್ಟಿದ್ದ ದೀಪವನ್ನು ಸರಿಪಡಿಸಲು ಬಗ್ಗಿದ ಭಾವ ಬಿದ್ದರು. ವೈರು ಎಳೆದಾಗ ದೀಪ ಮೇಲೆ ಬಂತು. ಭಾವ ಬರಲಿಲ್ಲ. ಮಾಲೀಕ ಅವರ ಬಟ್ಟೆಯ ಚೀಲದ ಜೊತೆ, ವೈರು ಕತ್ತರಿಸಿ, ಆ ದೀಪವನ್ನೂ ಕಳಿಸಿದ್ದ. ನೆನಪಿಗಂತೆ.

ತಿಥಿಯ ದಿನ ನೀರಿಗೆ ಬಿಡಲು ಬೂದಿಯೇ ಇರಲಿಲ್ಲ. ಅಕ್ಕ ದೀಪ ಎತ್ತಿಕೊಂಡಳು. "ಇದ್ನೇ ಬುಡಾನ ನಡಿಲಾ. ಮೂಳೆ ಕಳ್ಸಕ್ಕಾಗ್ನಿಲ್ಲ, ಬಲ್ಬ್ ಕಳ್ಸವ್ರೆ."

ಶೆಟ್ಟಿಹಳ್ಳಿಯ ಹಿನ್ನೀರಿಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಆ ಜಾಗದಲ್ಲಿ ನೀರು ಸೊಂಟದ ಮಟ್ಟ. ನಾನೇ ಇಳಿದು ಮಿಂದು ಬಂದಿದ್ದೆ. ಅಕ್ಕ ದಡದಿಂದಲೇ ದೀಪ ಎಸೆದಳು.

ನೀರು ತಾಗಿದ್ದೇ ಅದು ಹತ್ತಿಕೊಂಡಿತು. ಹಸಿರು ಬೆಳಕು. ಸೊಂಟದುದ್ದದ ಆ ನೀರಿನಲ್ಲಿ ಅದು ಇಳಿಯುತ್ತಲೇ ಹೋಯಿತು, ಸಾಸಿವೆಯಷ್ಟಾಗುವ ತನಕ. ಅಕ್ಕ ನುಗ್ಗಿದಳು. ನಾನು ರಟ್ಟೆ ಹಿಡಿದು ಎಳೆದೆ.

"ಒಳ್ಗವ್ರೆ ಕಣ್ಲಾ, ಬುಡ್ಲಾ!" ಎಂದು ಕಿರುಚಿ ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ. ಬೆಳಕು ಆರಿತು.

ಮರುದಿನ ಹೋಗಿ ಕೆಸರಿನಲ್ಲಿ ತಡಕಾಡಿದೆ. ದೀಪ ಎಸೆದಲ್ಲೇ ಸಿಕ್ಕಿತು. ಬಿಚ್ಚಿದೆ. ಒಳಗೆ ಬ್ಯಾಟರಿ ಇರಲಿಲ್ಲ. ಉಪ್ಪು ತಿಂದು ಬೋರ್ಡು ಪುಡಿಯಾಗಿತ್ತು. ಅಕ್ಕನಿಗೆ ತೋರಿಸಿದೆ. ಅವಳು ಅದರತ್ತ ನೋಡಲೇ ಇಲ್ಲ.

"ಎಲ್ಲವ್ರೆ ಅಂತ ಅವ್ರೇ ತೋರ್ಸುದ್ರು. ನೀ ಹಿಡ್ಕಂಡ್ಬುಟ್ಟೆ."

ಆ ಬೆಳಕು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಕ್ಕ ನನ್ನೊಡನೆ ಆಡಿದ ಕೊನೆಯ ಮಾತು ಅದು. ಬದುಕಿದ್ದಾಳೆ, ಪಕ್ಕದ ಬೀದಿಯಲ್ಲೇ ಇದ್ದಾಳೆ.