ಕಿವಿ ಕಾರು

ಮೊನ್ನೆ ತುಮಕೂರಿನ ಒಂದು ಮದುವೆ ಛತ್ರದ ಮುಂದೆ ಹಳೆಯ ಕಾಲದ ಕಾರೊಂದನ್ನು ಸೇವಂತಿಗೆ ಹಾರಗಳಿಂದ ಸಿಂಗರಿಸಿ ನಿಲ್ಲಿಸಿದ್ದರು. ಮದುಮಕ್ಕಳನ್ನು ಕೂರಿಸಿಕೊಂಡು ಬರಲು ಬಾಡಿಗೆಗೆ ತರಿಸಿದ್ದಂತೆ. ಹುಡುಗರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮದುವೆಗೆಂದು ಬಂದು ಅದರ ಪಕ್ಕ ಹಾದುಹೋಗುತ್ತಿದ್ದ ನಾನು ಯಾಕೋ ನಿಂತು ಕಿಟಕಿಯೊಳಗೆ ತಲೆ ಹಾಕಿದೆ. ಬಿಸಿಲಿಗೆ ಕಾದ ಚರ್ಮದ ಸೀಟು, ಅದರ ಹೊಟ್ಟೆಯೊಳಗಿನ ನಾರು, ಎಲ್ಲೋ ಜಿನುಗಿ ಆರಿದ ಪೆಟ್ರೋಲು, ಗ್ರೀಸು, ಇವೆಲ್ಲ ಕಲೆತ ಒಂದು ವಾಸನೆ ಮುಖಕ್ಕೆ ಬಂದು ತಾಕಿತು. ಬೀಗ ಹಾಕಿದ ಪೆಟ್ಟಿಗೆಯನ್ನು ವರ್ಷಗಳ ಮೇಲೆ ತೆರೆದಾಗ ಒಳಗಿನ ಸೀರೆಯ ಮಡಿಕೆಯಿಂದ ಯಾರೋ ಎದ್ದು ಬಂದಂತಾಗುವುದು ನಿಮಗೂ ಗೊತ್ತಿರಬೇಕು. ನನಗೆ ಎದ್ದು ಬಂದವರು ಅಪ್ಪ, ಅಮ್ಮ, ಮಧುಗಿರಿಯ ನಮ್ಮ ಇಳಿಜಾರು ಬೀದಿ. ಊಟಕ್ಕೆ ಕೂಗುತ್ತಿದ್ದರೂ ನಾನು ಅಲ್ಲೇ ನಿಂತುಬಿಟ್ಟಿದ್ದೆ.

ನಮ್ಮ ಮನೆ ಬೆಟ್ಟದ ಬುಡದಲ್ಲಿತ್ತು. ಮುಂದುಗಡೆ ಅಪ್ಪನ ಹಿಟ್ಟಿನ ಗಿರಣಿ, ಹಿಂದುಗಡೆ ನಾವು. ದಿನವಿಡೀ ಆಯಿಲ್ ಇಂಜಿನ್ನಿನ ಡುಬುಡುಬು ಕೇಳಿ ಕೇಳಿ, ಅದು ನಿಂತಾಗಲೇ ನಮಗೆ ಏನೋ ಶಬ್ದವಾದಂತೆ ಅನ್ನಿಸುತ್ತಿತ್ತು. ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಸದಾ ಬೆಳ್ಳಗೆ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನು ಆಗತಾನೆ ಶಾಲೆಗೆ ಸೇರಿದ್ದೆ. ಕೊರಟಗೆರೆಯ ಕಡೆಯ ಒಬ್ಬ ಪಟೇಲರ ಕೊಟ್ಟಿಗೆಯಲ್ಲಿ ಬಹಳ ವರ್ಷದಿಂದ ಬಿದ್ದಿದ್ದ ವಿಲಾಯತಿ ಕಾರೊಂದನ್ನು ಅಪ್ಪ ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಬಂದ. ಕಪ್ಪು ಬಣ್ಣ, ಉಬ್ಬಿದ ಕೆನ್ನೆಗಳಂಥ ಮಡ್‌ಗಾರ್ಡು, ಹಿಂದುಮುಂದಾಗಿ ತೆರೆಯುವ ಬಾಗಿಲು, ಜಟಕಾ ಗಾಡಿಗೆ ಇರುವಂತೆ ಹತ್ತಲು ಒಂದು ಮೆಟ್ಟಿಲು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಲು ಪಟೇಲರ ಮನೆಯವರು ಒಪ್ಪದೆ, ಮರಿಯಾದ ಮೇಲೆ ವಾಪಸು ಕೊಡುವ ಮಾತಿನ ಮೇಲೆ ಕೋಳಿಯೂ ಕಾರಿನ ಜೊತೆಗೇ ಮಧುಗಿರಿಗೆ ಬಂತು. ಬೀದಿಯವರೆಲ್ಲ ಹೊರಗೆ ಬಂದು ನಿಂತು ನೋಡಿದರು. ಅಮ್ಮ ಮಾತ್ರ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು, "ಏಮಂಡೀ, ಇದು ಕಾರೋ ಕೋಳಿ ಗೂಡೋ?" ಎಂದು ಕೇಳಿದಳು. ಅಮ್ಮ ಪಾವಗಡದ ಕಡೆಯವಳು. ಸಿಟ್ಟಿಗೂ ಗಾಬರಿಗೂ ಅವಳ ಬಾಯಲ್ಲಿ ತೆಲುಗೇ ಮೊದಲು ಬರುತ್ತಿತ್ತು.

ಅಂದಿನಿಂದ ಅಪ್ಪನ ಬಿಡುವೆಲ್ಲ ಆ ಕಾರಿನ ಕೆಳಗೇ ಕಳೆಯಿತು. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಶಿರಾದಲ್ಲಿ ಲೇತ್ ಇಟ್ಟುಕೊಂಡಿದ್ದ ಗಫೂರ್ ಸಾಬರು ಅಪ್ಪನ ಗೆಳೆಯರು. ಅವರೂ ಅಪ್ಪನೂ ಸವೆದ ಭಾಗವೊಂದನ್ನು ಮಧ್ಯೆ ಇಟ್ಟುಕೊಂಡು ಟೀ ಕುಡಿಯುತ್ತ, ಮದುವೆಯ ಜಾತಕ ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹೋ ಜಾಯೇಗಾ ಗಿರಿಯಪ್ಪ, ಆಗ್ತೈತೆ ಬುಡು" ಎಂದು ಸಾಬರು ಹೇಳಿದರೆ ಅದು ಆದಂತೆಯೇ. ಫ್ಯಾನಿಗೆ ಗಿರಣಿಯ ಹಳೆಯ ಪಟ್ಟಿ ಕೊಯ್ದು ಹೊಲಿದ ಬೆಲ್ಟು, ವಾಷರುಗಳಿಗೆ ಚಪ್ಪಲಿಯ ತೊಗಲು. ನಾನು ಏನು ಕೇಳಿದರೂ ಅಪ್ಪ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. "ಬಾರೇ ಮಗಾ, ಬಿಚ್ಚಿ ನೋಡಾನ" ಅನ್ನುತ್ತಿದ್ದ. ಗಾಳಿ ಎಲ್ಲಿಂದ ಹೋಗುತ್ತದೆ, ಕಿಡಿ ಎಲ್ಲಿ ಹಾರುತ್ತದೆ, ಎಣ್ಣೆ ಮೇಲಕ್ಕೆ ಹೇಗೆ ಹತ್ತುತ್ತದೆ, ಎಲ್ಲವನ್ನೂ ನಾನು ಬಿಚ್ಚಿದ್ದರ ಒಳಗೆ ಬೆರಳಿಟ್ಟೇ ಕಲಿತದ್ದು. ಮುಂದೊಂದು ದಿನ ಹ್ಯಾಂಡಲು ತಿರುಗಿಸಿದಾಗ ಕಾರು ಮುದುಕರಂತೆ ಕೆಮ್ಮಿ, ನೀಲಿ ಹೊಗೆ ಉಗುಳಿ, ನಡುಗುತ್ತ ಬದುಕಿಕೊಂಡಿತು. ಆ ಹೊತ್ತಿಗೆ ಅದರ ಸೀಟಿನಲ್ಲಿ ಹುಟ್ಟಿದ ಮರಿಗಳು ಕೊರಟಗೆರೆ ಸೇರಿ ಮೊಟ್ಟೆಯಿಡುವಷ್ಟು ದೊಡ್ಡವಾಗಿದ್ದವು.

ಆ ಕಾರಿಗೆ ಈಗಿನಂತೆ ಮಿನುಗುವ ದೀಪ ಇರಲಿಲ್ಲ. ತಿರುವು ಬಂದಾಗ ಗುಂಡಿ ಒತ್ತಿದರೆ ಬಾಗಿಲ ಪಕ್ಕದ ಸಂದಿಯಿಂದ ಗೇಣುದ್ದದ ಕೆಂಪು ಪಟ್ಟಿಯೊಂದು ಪುಟಕ್ಕನೆ ಎದ್ದು ನಿಲ್ಲುತ್ತಿತ್ತು, ಎತ್ತು ಕಿವಿ ನಿಮಿರಿಸಿದಂತೆ. ಊರ ಮಕ್ಕಳೆಲ್ಲ "ಕಿವಿ ಕಾರು, ಕಿವಿ ಕಾರು" ಎಂದು ಹಿಂದೆ ಓಡುತ್ತಿದ್ದರು. ಎಡಗಿವಿ ಎದ್ದರೆ ಮತ್ತೆ ಮಲಗುತ್ತಿರಲಿಲ್ಲ. ಒಳಗಿನಿಂದ ಒಂದು ಏಟು ಕೊಡಬೇಕಿತ್ತು. ಒರೆಸಲು ಅಪ್ಪನಿಗೆ ಅಮ್ಮನ ನವೆದ ಹತ್ತಿ ಸೀರೆಗಳೇ ಆಗಬೇಕು. "ನಾನು ಹರಿದ ಸೀರೆ ಉಟ್ಕೊಂಡ್ರೂ ಪರವಾಗಿಲ್ಲ, ನಿಮ್ಮ ದೊರೆಸಾನಿ ಮೈ ಸವೀಬಾರ್ದು" ಎಂದು ಅಮ್ಮ ಗೊಣಗುತ್ತಲೇ ಹಳೆಯ ಸೀರೆಗಳನ್ನು ಒಗೆದು ಮಡಿಚಿ ಗೂಟಕ್ಕೆ ಹಾಕಿಡುತ್ತಿದ್ದಳು. ಭಾನುವಾರ ಪುರವರದ ಹಾದಿಯಲ್ಲೋ ಬಡವನಹಳ್ಳಿಯ ಕಡೆಗೋ ಒಂದು ಸುತ್ತು ಹೋಗಿಬರುತ್ತಿದ್ದೆವು. ಎಲ್ಲಿಗೆ ಎಂಬುದು ಮುಖ್ಯವಾಗಿರಲಿಲ್ಲ. ಕಾರಿನಲ್ಲಿ ಹೊಸ ಶಬ್ದವೊಂದು ಹುಟ್ಟಿದರೆ ಅದು ಯಾವುದೆಂದು ಹುಡುಕುವುದೇ ನಮ್ಮ ಆಟ.

ಅಪ್ಪನ ಕಣ್ಣು ಹೋಗುತ್ತಿದೆ ಎಂಬುದು ನಮಗೆ ಬಹಳ ದಿನ ತಿಳಿಯಲಿಲ್ಲ. ಸಂಜೆಯಾದರೆ ಚೆಂಬು ಎಡವುವುದು, ಬಾಗಿಲ ಪಟ್ಟಿಗೆ ಭುಜ ತಗುಲಿಸಿಕೊಳ್ಳುವುದು, ಪಕ್ಕದಲ್ಲಿ ನಿಂತವರನ್ನು ಕಾಣದೆ ಕೂಗಿ ಕರೆಯುವುದು ನಡೆದಿತ್ತು. ಹಿಟ್ಟಿನ ಧೂಳು ಎಂದು ಅಪ್ಪನೂ ಅಂದ, ನಾವೂ ನಂಬಿದೆವು. ಒಂದು ಮಧ್ಯಾಹ್ನ ಬಡವನಹಳ್ಳಿ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಎಡಗಡೆಯ ಬಯಲಿನಿಂದ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ನನಗೆ ದೂರದಿಂದಲೇ ಕಂಡಿತ್ತು, ಅಮ್ಮನಿಗೂ ಕಂಡಿತ್ತು. ಅಪ್ಪ ನಿಧಾನಿಸಲೇ ಇಲ್ಲ. ಅಮ್ಮ "ಏಮಂಡೀ!" ಎಂದು ಚೀರಿದಾಗ ಬ್ರೇಕು ಕಿರುಗುಟ್ಟಿ, ಕಾರು ಅಡ್ಡಕ್ಕೆ ಜಾರಿ, ಮಂದೆಯ ನಡುವೆ ನಿಂತಿತು. ಮರಿಯೊಂದು ಚಕ್ರಗಳ ಮಧ್ಯದಿಂದ ತೂರಿಕೊಂಡು ಆ ಕಡೆ ಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಕಂಬಳಿ ಹೊದ್ದ ಮುದುಕಿಯೊಬ್ಬಳು ಬಂದವಳೇ ಕೋಲಿನಿಂದ ಬಾನೆಟ್ಟಿಗೆ ಬಾರಿಸಿದಳು.

"ಲೇ ಅಪ್ಪಯ್ಯಾ, ಕಣ್ ಕಾಣಾಕಿಲ್ವೇನ್ಲಾ ನಿಂಗೆ? ಇಷ್ಟ್ ದೊಡ್ ಮಂದೆ!"

ಅಪ್ಪ ಸ್ಟಿಯರಿಂಗ್ ಬಿಡದೆ ಕೂತಿದ್ದ. ಇಂಜಿನ್ ಆರಿಹೋಗಿತ್ತು. ಆಮೇಲೆ ಮೆಲ್ಲಗೆ, "ಇಲ್ಲ ಕಣವ್ವ, ಕಾಣಾಕಿಲ್ಲ. ಎದ್ರುಗಿರೋದು ಅಷ್ಟೇ ಕಾಣ್ತದೆ, ಕೊಳವೆ ಒಳಗಿಂದ ನೋಡ್ದಂಗೆ. ಪಕ್ಕದ್ದು ಏನೂ ಕಾಣಾಕಿಲ್ಲ" ಎಂದ.

ಅವನು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಕುರಿ ಕಾಯುವ ಗುರುತಿಲ್ಲದ ಮುದುಕಿಗೆ ಹೇಳಿದ್ದನ್ನು ಅಮ್ಮನೂ ನಾನೂ ಹಿಂದಿನ ಸೀಟಿನಲ್ಲಿ ಕೂತು ಕೇಳಿದೆವು. ಮುದುಕಿಯ ಕೋಲು ಕೆಳಗಿಳಿಯಿತು. "ಹಂಗಾರೆ ಇಳೀ ಮಗಾ, ನೆಳ್ಳಾಗೆ ಕೂತ್ಕಾ" ಎಂದು ಬೇವಿನ ಮರದ ಬುಡ ತೋರಿಸಿದಳು. ಅಮ್ಮ ಇಳಿದು, ಅಪ್ಪನ ಕೈ ಹಿಡಿದು ನೆರಳಿಗೆ ಕರೆದುಕೊಂಡು ಹೋದಳು. ಅಷ್ಟು ಜನ ಓಡಾಡುವ ರಸ್ತೆಯಲ್ಲಿ ಅವಳು ಅಪ್ಪನ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ಕಾರು ಮತ್ತೆ ಎತ್ತುಗಳ ಹಿಂದೆ ಬಂತು.

ಬೆಂಗಳೂರಿನ ಕಣ್ಣಿನ ಡಾಕ್ಟರು ಇದಕ್ಕೆ ಔಷಧಿ ಇಲ್ಲವೆಂದರು. ಅಪ್ಪ ಕಾರಿಗೆ ಟಾರ್ಪಾಲು ಹೊದಿಸಿ ಸುತ್ತ ಹಗ್ಗ ಬಿಗಿದ. ಗಿರಣಿಯಲ್ಲಿ ಆಳೊಬ್ಬನನ್ನು ಇಟ್ಟುಕೊಂಡು, ತಾನು ಸ್ಟೂಲಿನ ಮೇಲೆ ಮಾತಿಲ್ಲದೆ ಕೂರತೊಡಗಿದ. ಪಾವಗಡದಿಂದ ಅಮ್ಮನ ಅಪ್ಪ, ನಮ್ಮ ತಾತ, ಬಂದು ನೋಡಿ ಕಣ್ಣೀರು ಹಾಕಿದರು. ಹೊರಡುವಾಗ ಅಮ್ಮನನ್ನು ಕರೆದು, "ಅಳಿಯಂಗೆ ಕಣ್ಣು ಹೋದ್ಮೇಲೆ ಗಿರಣಿ ಹೆಂಗಮ್ಮಾ ನಡೀತದೆ? ಮಾರ್ಬುಟ್ಟು ನಮ್ಮೂರಿಗೇ ಬಂದ್ಬುಡಿ. ನಾನಿಲ್ವಾ?" ಎಂದರು. ಅಪ್ಪ ಒಳಗಿನಿಂದಲೇ, "ಅವ್ರು ಹೇಳೋದು ಸರಿ ಐತೆ ರತ್ನಾ" ಎಂದುಬಿಟ್ಟ. ಆ ದನಿ ಅಪ್ಪನದಲ್ಲ ಅನ್ನಿಸಿ ನನಗೆ ಹೆದರಿಕೆಯಾಯಿತು.

ಅದಾಗಿ ಕೆಲವು ದಿನಕ್ಕೆ, ಬೆಳಗ್ಗೆ ನಾನು ಎದ್ದು ಬಂದಾಗ ಅಮ್ಮ ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದಳು. ಸದ್ದಿಗೆ ಅಪ್ಪ ಹೊರಗೆ ಬಂದ. ಅಮ್ಮ, "ನಂಗೆ ಕಲ್ಸಿ" ಎಂದಳು. ಅಪ್ಪನಿಗೆ ನಗು ಬಂತು. "ನಿಂಗಾ? ಈ ಗೇರು ಗಂಡಸ್ರಿಗೇ ಬಗ್ಗಾಕಿಲ್ಲ." ಅಮ್ಮ ನಗಲಿಲ್ಲ. "ಕಣ್ಣು ನಂದು, ಕಿವಿ ನಿಮ್ದು. ಇನ್ನೇನ್ ಬೇಕು?" ಎಂದು ಟಾರ್ಪಾಲು ಮಡಿಚಿಟ್ಟಳು.

ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳವೇ ಅವಳ ಪಾಠಶಾಲೆಯಾಯಿತು. ಸೀರೆ ಎತ್ತಿ ಸಿಕ್ಕಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂತಳು. ಅಪ್ಪ ಪಕ್ಕದಲ್ಲಿ, ನಾನು ಹಿಂದೆ. ಗೇರುಗಳನ್ನು ಅವಳು ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲೇ ಎಣಿಸುತ್ತಿದ್ದಳು. ಆ ಕಾರಿನ ಗೇರು ಬದಲಾಯಿಸಲು ಕ್ಲಚ್ಚನ್ನು ಒಮ್ಮೆ ತುಳಿದು, ಬಿಟ್ಟು, ಮತ್ತೆ ತುಳಿಯಬೇಕು; ಹೊತ್ತು ತಪ್ಪಿದರೆ ಹಲ್ಲು ಕಡಿಯುವ ಶಬ್ದ. ಅಮ್ಮ ಹಲ್ಲು ಕಡಿಸಿ ಕಡಿಸಿ ಸಾಕಾಗಿ ಅಳುವಂತಾದಳು. ಆಗ ಅಪ್ಪ, "ಭತ್ತ ಕುಟ್ಟೋವಾಗ ಒನಕೆ ಕೈ ಬದಲಾಯ್ಸಾಕಿಲ್ವಾ? ಮೇಲೆ ಹೋಗಿರೋವಾಗ ಒಂದು ಗಳಿಗೆ ಯಾವ ಕೈಯಾಗೂ ಇರಾಕಿಲ್ಲ ಅದು. ಹಂಗೇ ಬುಡು, ಹಂಗೇ ಹಿಡ್ಕಾ" ಎಂದ. ಅಮ್ಮ ಕಣ್ಣು ಮುಚ್ಚಿ ಎರಡು ಸಲ ಬರಿಗೈಯಲ್ಲಿ ಒನಕೆ ಎತ್ತಿದಳು. ಮುಂದಿನ ಸಲ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಜಾರಿ ಕೂತಿತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಕುರಿಮಂದೆಯ ದಿನದ ಮೇಲೆ ಅವನು ಹಾಗೆ ನಕ್ಕಿದ್ದು ಅಂದೇ.

ರಿಪೇರಿಯೂ ಮತ್ತೆ ಶುರುವಾಯಿತು. ಅಪ್ಪ ಬೆರಳಲ್ಲಿ ತಡವಿ ಬಿಚ್ಚುತ್ತಿದ್ದ. ಬಣ್ಣ ಹೇಳುವುದು ನನ್ನ ಕೆಲಸ. ಕಿಡಿ ಹಾರುವ ಪ್ಲಗ್ಗು ಬಿಚ್ಚಿ ನನ್ನ ಕೈಗಿಟ್ಟು, "ಎಂಗೈತೆ?" ಎನ್ನುತ್ತಿದ್ದ. ಕಂದು ಅಂದರೆ ಸಾಲದು, ಯಾವ ಕಂದು? ಕಡಲೆಕಾಯಿ ಸಿಪ್ಪೆಯದೋ, ಹುಣಸೆ ಬೀಜದ್ದೋ, ಹಳೇ ಬೆಲ್ಲದ್ದೋ? ಸಿಪ್ಪೆಯ ಕಂದಾದರೆ ಇಂಜಿನ್ ಆರೋಗ್ಯವಾಗಿದೆ, ಮಸಿಯಾದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ. ಲೋಕದಲ್ಲಿ ಇಷ್ಟೊಂದು ಬಣ್ಣಗಳಿವೆ ಎಂಬುದು ನನಗೆ ತಿಳಿದದ್ದು ಕಾಣದವನೊಬ್ಬನಿಗೆ ಹೇಳುತ್ತ ಹೇಳುತ್ತ. ಆಮೇಲಾಮೇಲೆ ಅಪ್ಪ ಪ್ಲಗ್ಗನ್ನು ಬಿಟ್ಟು ಬೆಟ್ಟದ ಬಣ್ಣ ಕೇಳತೊಡಗಿದ. ಬೆಳಗಿನದು, ಮಳೆ ನಿಂತ ಮೇಲಿನದು.

ಲೈಸೆನ್ಸು ಕೈಗೆ ಬಂದ ಮೇಲೆ ಅಮ್ಮ, "ಪಾವಗಡಕ್ಕೆ ಹೋಗಾನ" ಎಂದಳು. ಯಾಕೆಂದು ಹೇಳಲಿಲ್ಲ. ಮಿಡಿಗೇಶಿ ದಾಟಿ, ನಡುವೆ ಆಂಧ್ರದ ನೆಲ ಹಾದು, ಬಂಡೆಗಳ ನಡುವಿನ ಬಿಸಿಲು ರಸ್ತೆಯಲ್ಲಿ ಹೊರಟೆವು. ಎದುರಿನಿಂದ ಬಂದ ಲಾರಿಯವರು ಇಣುಕಿ ನೋಡಿದರು. ಸೈಕಲ್ಲಿನವನೊಬ್ಬ ನೋಡುತ್ತಲೇ ಗುಂಡಿಗೆ ಇಳಿದ. ಅಪ್ಪ ತಲೆ ಒಂದು ಕಡೆ ವಾಲಿಸಿ ಇಂಜಿನ್ನಿನ ಸದ್ದು ಕೇಳುತ್ತ, "ದಿಣ್ಣೆ ಬಂತು, ಕೆಳಗಿನ ಗೇರು" ಎಂದು ಅಮ್ಮನಿಗಿಂತ ಮೊದಲೇ ಹೇಳುತ್ತಿದ್ದ. ಹಳ್ಳಿಯ ಮನೆಯ ಮುಂದೆ ಕಾರು ನಿಂತಾಗ ತಾತ ಜಗುಲಿಯಿಂದ ಎದ್ದು ಬಂದರು. ಧೂಳಿಗೆ ಕಣ್ಣು ಕಿರಿದು ಮಾಡಿ, "ಡ್ರೈವರು ಎವರಮ್ಮಾ?" ಎಂದು ಕೇಳಿದರು.

"ನೇನೇ ನಾಯನಾ," ನಾನೇ ಅಪ್ಪಾ, ಎಂದು ಅಮ್ಮ ಬಾಗಿಲು ತೆರೆದು ಇಳಿದಳು.

ತಾತ ಕಾರಿನ ಸುತ್ತ ಒಂದು ಬಾರಿ ನಡೆದರು. ಬಿಸಿಯಾದ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಊಟವಾದ ಮೇಲೆ ಅಮ್ಮ, "ಗಿರಣಿ ಮಾರಲ್ಲ ನಾಯನಾ. ನಮ್ಮೂರಲ್ಲೇ ಇರ್ತೀವಿ" ಎಂದಾಗ ಅವರು ಬಾಯಲ್ಲಿದ್ದ ಎಲೆ ಅಡಿಕೆ ಅಗಿದು ಮುಗಿಸಿ, "ಸರೇ" ಎಂದಷ್ಟೇ ಅಂದರು. ಹೊರಡುವಾಗ ಹೊಲದ ಕಡಲೆಕಾಯಿಯ ಮೂಟೆಯೊಂದನ್ನು ಹೊರಿಸಿ ತಂದು, ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಇಡಿಸಿದರು.

ಆಮೇಲಿನ ವರ್ಷಗಳಲ್ಲಿ ಅಮ್ಮ ಗಿರಣಿ ನೋಡಿಕೊಂಡಳು, ಕಾರು ಓಡಿಸಿದಳು. ಹೆಂಗಸು ಸ್ಟಿಯರಿಂಗ್ ಹಿಡಿದಳೆಂದು ಮೊದಲು ಮೂಗು ಮುರಿದವರೇ ಬಾಣಂತಿಯನ್ನು ಮನೆಗೆ ತರಲು ಅವಳನ್ನು ಕರೆಯುತ್ತಿದ್ದರು. ಅಪ್ಪನಿಗೆ ಬೆಳಕು ಪೂರ್ತಿ ಆರಿತು; ಆದರೆ ಅವನು ಮತ್ತೆ ಆ ಸ್ಟೂಲಿನ ಮೌನಕ್ಕೆ ಹೋಗಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ನಾನು ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದಾಗ, ಒಂದು ಬೆಳಗ್ಗೆ ಹೃದಯ ನಿಂತು ಹೋಗಿಬಿಟ್ಟ.

ಅಮ್ಮ ಆಮೇಲೂ ಕೆಲವು ಸಲ ಇಂಜಿನ್ ಚಾಲೂ ಮಾಡಿದ್ದುಂಟು. ಸ್ವಲ್ಪ ಹೊತ್ತು ಕೇಳಿ ಆರಿಸಿಬಿಡುತ್ತಿದ್ದಳು. "ಸದ್ದು ಸರಿಯಾಗೈತಾ ಇಲ್ವಾ ಅಂತ ನಾನು ಯಾರನ್ನ ಕೇಳ್ಲೇ?" ಎಂದಳು ಒಮ್ಮೆ. ನನಗೆ ಬಣ್ಣ ಗೊತ್ತಿತ್ತು, ಸದ್ದು ಗೊತ್ತಿರಲಿಲ್ಲ. ಹಳೆಯ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಳ್ಳುವ ಮೈಸೂರಿನ ಒಬ್ಬರು, ಗಫೂರ್ ಸಾಬರಿಗೆ ಪರಿಚಯದವರು, ಬಂದು ಕೇಳಿದಾಗ ಅವಳು ಒಪ್ಪಿದಳು. ಊರಾಚೆ ಲಾರಿ ನಿಲ್ಲಿಸಿದ್ದರು. ಅಲ್ಲಿಯವರೆಗೆ ತಾನೇ ಓಡಿಸಿಕೊಂಡು ಹೋಗಿ, ಹಲಗೆಯ ಮೇಲೆ ತಾನೇ ಹತ್ತಿಸಿ, ಕೆಳಗಿಳಿದು ಸೆರಗು ಸರಿಮಾಡಿಕೊಂಡಳು. ಲಾರಿ ಕೊರಟಗೆರೆಯ ರಸ್ತೆಯಲ್ಲಿ ಚಿಕ್ಕದಾಗುತ್ತ ಹೋಗಿ ಮರಗಳ ಹಿಂದೆ ಮರೆಯಾಯಿತು.

ನಾವು ನಡೆದುಕೊಂಡೇ ಹಿಂದಿರುಗಿದೆವು. ಬೀದಿಯ ಏರು ಸಿಕ್ಕಾಗ ಅಮ್ಮ ನನ್ನ ಭುಜ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಬಂದ ದಾರಿಯನ್ನು ತಿರುಗಿ ನೋಡಿದಳು. "ಇಷ್ಟು ದೂರ ಇತ್ತೇನೇ ಇದು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮತ್ತೆ ಹತ್ತತೊಡಗಿದಳು.