ಶಹಜಾದಿ ಆಪಾ ಮತ್ತು ಮಾಳಿಗೆಯ ಮಣ್ಣು

ನನ್ನ ಅಕ್ಷರ ಸೊಟ್ಟ, ಮಾತೂ ಕಡಿಮೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ಕ್ಷಮಿಸಬೇಕು. ಇದು ನನ್ನ ಅಕ್ಕ ಶಹಜಾದಿಯ ವಿಷಯ. ಅವಳನ್ನು ನಾನು ಆಪಾ ಎನ್ನುತ್ತೇನೆ.

ಆಪಾ ತಿಕೋಟಾದಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಭೂಗರ್ಭಶಾಸ್ತ್ರ ಓದುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ನಮ್ಮ ಕಡೆ ನೆಲ ಆಗಾಗ ನಡುಗುತ್ತಿತ್ತು. ಮೊದಲು ನೆಲದೊಳಗೆ ಗುಡುಗಿದಂಥ ಸದ್ದು, ಆಮೇಲೆ ಗೂಡಿನ ಪಾತ್ರೆಗಳ ಗಲಗಲ. ಜನ ಅಂಗಳಕ್ಕೆ ಓಡಿ ಬಂದು ಗದ್ದಲ ಮಾಡಿದರೆ, ಆಪಾ ನೆಲಕ್ಕೆ ಅಂಗೈ ಹಚ್ಚಿ ಕೂತಿರುತ್ತಿದ್ದಳು. ಇದೆಲ್ಲ ಹಿಮಾಲಯದ ಕಡೆಯ ದೂಡಾಟ ಎನ್ನುತ್ತಿದ್ದಳು.

“ಹಿಮಾಲಯದ ದೂಡಾಟ ಅಂತೀ. ಅದೆಲ್ಲಿ, ನಮ್ಮ ತಿಕೋಟಾ ಎಲ್ಲಿ ಬೇ?” ಎಂದು ಅಬ್ಬಾ ಕೇಳಿದರು.

ಆಪಾ ಕೌದಿ ಹಾಸಿ, ಅದರ ಒಂದು ತುದಿಯನ್ನು ಗೋಡೆಗೆ ಒತ್ತಿ ದೂಡಿದಳು. ಗೋಡೆಯ ಬಳಿ ದೊಡ್ಡ ಮಡಿಕೆಗಳೆದ್ದವು. ಇತ್ತ ನಡುವೆಯೂ ಒಂದೆರಡು ಸುಕ್ಕು ಬಿದ್ದವು.

“ನಮ್ಮ ನೆಲ ವರ್ಷಾ ಮೂರು ಬಟ್ಟಿನ ಅಗಲದಷ್ಟು ಉತ್ತರಕ್ಕ ಸರೀತೈತಿ ಅಬ್ಬಾ. ಅಲ್ಲಿ ಏಷ್ಯಾಕ್ಕ ಗುದ್ದಿ ಹಿಮಾಲಯ ಎದ್ದೈತಿ. ಆ ಒತ್ತಡ ಇಲ್ಲೀತನಾ ಬರತೈತಿ. ಹಳೇ ಬಿರುಕು ಒಂಚೂರು ಜಾರಿದ್ರೂ ನೆಲ ನಡಗತೈತಿ.”

“ಹಂಗಾರ ಮನಿ ಬೀಳತೈತೇನು?”

“ಇಂಥ ಸಣ್ಣದಕ್ಕ ಬೀಳಂಗಿಲ್ಲ. ಆದ್ರ ದೊಡ್ಡದು ಬಂದ್ರ ಮಾಳಗಿ ಭಾರಾನೇ ನಮ್ಮನ್ನ ಕೊಲ್ಲತೈತಿ. ಅರ್ಧಾ ಮಣ್ಣರ ಇಳಸೂಣ್ರಿ.”

ನಮ್ಮದು ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಸೋರಬಾರದೆಂದು ಪ್ರತಿವರ್ಷ ಮಳೆಗೆ ಮುಂಚೆ ಒಂದು ಪದರ ಮಣ್ಣು ಏರಿಸುತ್ತಾರೆ, ಯಾರೂ ಇಳಿಸುವುದಿಲ್ಲ. ಮುತ್ತಜ್ಜ ಹಾಕಿದ ಮಣ್ಣೂ ಅಲ್ಲೇ ಇತ್ತು.

ಅಬ್ಬಾ ಲಾಲಸಾಬ ಬಬಲೇಶ್ವರದ ಸಂತೆಯಲ್ಲಿ ಬಳೆ ಮಾರುತ್ತಿದ್ದರು. ಮಗಳ ಮಾತು ಮೀರಿದವರಲ್ಲ. ಮರುದಿನವೇ ಸಲಿಕೆ ಹಿಡಿದು ಮಾಳಿಗೆ ಹತ್ತಿದರು. ಪಕ್ಕದ ಮಾಳಿಗೆಯಲ್ಲಿ ಮಣ್ಣು ಹರಡುತ್ತಿದ್ದ ಸಂಗಣ್ಣ ಕಾಕಾ ನಕ್ಕರು.

“ಲಾಲಸಾಬ, ಊರೆಲ್ಲಾ ಏರಸಾಕತ್ತೈತಿ, ನೀ ಇಳಸಾಕತ್ತೀಯಲ್ಲೋ. ಮಳಿ ಬಂದ್ರ ಹಿಮಾಲಯ ಹೊತ್ಕೊಂಡು ಮಲಗಾಂವೇನು?”

“ಮಗಳು ಕಲತಾಳಪಾ. ನಿನಗೂ ಹೇಳತಾಳ, ಫೀ ಇಲ್ಲದ.”

ಒಳಗಿನ ತೊಲೆಗೆ ಗೆದ್ದಲು ಹಿಡಿದದ್ದು ಯಾರಿಗೂ ಗೊತ್ತಿರಲಿಲ್ಲ. ಕೆಳಗೆ ಚೆಲ್ಲಲು ಸುಲಭವಾಗಲೆಂದು ಅಬ್ಬಾ ಮಣ್ಣನ್ನೆಲ್ಲ ಎಳೆದು ಒಂದೇ ಕಡೆ ಗುಡ್ಡೆ ಹಾಕಿದರು. ಗುಡ್ಡೆಯ ಪಕ್ಕ ನಿಂತಿದ್ದಾಗ ತೊಲೆ ಮುರಿದು, ಮಣ್ಣಿನ ಜೊತೆ ಅವರೂ ಒಳಗೆ ಕುಸಿದರು. ಅಂದು ನೆಲ ನಡುಗಿರಲಿಲ್ಲ. ಸಂಗಣ್ಣ ಕಾಕಾನೇ ಮೊದಲು ಓಡಿ ಬಂದು ಬರಿಗೈಯಿಂದ ಮಣ್ಣು ತೋಡಿದರು. ಅಬ್ಬಾ ಸಿಕ್ಕಾಗ ಉಸಿರಿರಲಿಲ್ಲ.

ಈಗ ನಾವು ಬಬಲೇಶ್ವರದಲ್ಲಿ ಮಾಮುವಿನ ತಗಡಿನ ಮನೆಯಲ್ಲಿದ್ದೇವೆ. ಬಳೆಯ ಪೆಟ್ಟಿಗೆ ನಾನು ಒಯ್ಯುತ್ತೇನೆ. ಶಾಲೆ ಬಿಟ್ಟದ್ದು ಅದಕ್ಕೇ. ಆಪಾ ಕಾಲೇಜಿಗೆ ಹೋಗುತ್ತಿಲ್ಲ. ಕೊನೆಯ ಪರೀಕ್ಷೆ ಹತ್ತಿರ ಬಂದಿದೆ.

“ನೀ ಹೇಳಿದ್ದು ಖರೇನ ಇತ್ತು,” ಎಂದು ಅಮ್ಮ ಅವಳ ತಲೆ ನೇವರಿಸಿದಳು.

“ಖರೇ ಇತ್ತು ಅಮ್ಮಾ. ಭಾರ ಎಷ್ಟು ಅಂತ ಓದಿದ್ದೆ. ಇಳಸೂ ಮುಂದ ಅಬ್ಬಾ ಎಲ್ಲಿ ನಿಂದರಬೇಕು ಅನ್ನೂದು ಓದಿರಲಿಲ್ಲ.”

ಮೊನ್ನೆ ಮತ್ತೆ ನೆಲ ನಡುಗಿತು. ನಾವೆಲ್ಲ ಹೊರಗೆ ಓಡಿದೆವು. ಆಪಾ ಗೋಡೆಗೆ ಒರಗಿ ಕೂತೇ ಇದ್ದಳು. ಒಳಗೆ ಹೋಗಿ ನಾನು ಕೈ ಹಿಡಿದು ಎಳೆದೆ. “ನೀ ಹೋಗ ಬೇ,” ಎಂದಳು. ಏಳಲಿಲ್ಲ.

ಅವಳಿಗೆ ಪಾಠ ಹೇಳುವ ಮೃಣಾಲ ಮೇಡಂ ಮೂರ್ನಾಲ್ಕು ಸಲ ಫೋನ್ ಮಾಡಿದರು. ಆಪಾ ಎತ್ತಲಿಲ್ಲ, ನನಗೂ ಎತ್ತಿ ಮಾತಾಡುವ ಧೈರ್ಯವಾಗಲಿಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ನಾನೊಬ್ಬಳೇ ವಿಜಯಪುರಕ್ಕೆ ಹೋಗಿ, ಮನೆಗೆ ಬಂದು ಆಪಾಳ ಜೊತೆ ಮಾತಾಡಬೇಕೆಂದು ಮೇಡಂ ಅವರನ್ನು ಕೇಳುತ್ತೇನೆ.